ಕತ್ತರಿಸಿದ ಪಿಸುಮಾತು

ಕೆಮ್ಮನ್ನು ಕತ್ತರಿಸಿ ಎಸೆಯುವ ಮೊದಲು ಒಬ್ಬ ಮನುಷ್ಯ ಅದನ್ನು ಕೇಳಿ ಒಪ್ಪಿಗೆ ಕೊಡತಕ್ಕದ್ದು ಎಂಬ ಚಾರಿತ್ರಿಕ ನಿರ್ಣಯವನ್ನು ಅಂಧರ ಧ್ವನಿ ಗ್ರಂಥಾಲಯದ ಆಡಳಿತ ಸಮಿತಿಯು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಸರ್ವಾನುಮತದಿಂದ ಅಂಗೀಕರಿಸಿತು. ಏಳು ಜನ ಸದಸ್ಯರಲ್ಲಿ ಆರು ಜನ ಕೈ ಎತ್ತಿದರು. ಅಧ್ಯಕ್ಷೆಗೆ ಕಣ್ಣು ಕಾಣದಿದ್ದುದರಿಂದ ಪ್ರತಿಯೊಬ್ಬರೂ "ಎತ್ತಿದ್ದೀನಿ" ಎಂದು ಬಾಯಿಬಿಟ್ಟು ಹೇಳಬೇಕಾಯಿತು. ಏಳನೆಯವರು ತೂಕಡಿಸುತ್ತಿದ್ದರು. ಅವರ ತಲೆ ಮುಂದಕ್ಕೆ ಬಿದ್ದ ಕ್ಷಣವನ್ನು ಒಪ್ಪಿಗೆಯೆಂದು ಬರೆದುಕೊಳ್ಳಲಾಯಿತು.

ಇಷ್ಟಕ್ಕೆಲ್ಲ ಕಾರಣ ಹಕ್ಕಿಗಳು.

ಗ್ರಂಥಾಲಯವೆಂದರೆ ಎರಡು ಮಹಡಿಯ ಹಳೆಯ ಕಟ್ಟಡದ ಮೇಲಿನ ಅರ್ಧ. ಕೆಳಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಮೇಲೆ ಕಣ್ಣು ಕಾಣದವರಿಗಾಗಿ ಓದಿ ಇಟ್ಟ ಮೂರು ಸಾವಿರ ಪುಸ್ತಕಗಳು. ಊರಿನ ಉತ್ಸಾಹಿಗಳು ತಮ್ಮ ತಮ್ಮ ಮನೆಯಲ್ಲೇ ಕೂತು, ಗ್ರಂಥಾಲಯ ಕೊಟ್ಟ ಪುಟ್ಟ ರೆಕಾರ್ಡರಿಗೆ ಪುಸ್ತಕ ಓದಿ ಕಳಿಸುತ್ತಿದ್ದರು. ಹಿಂದೆಲ್ಲ ಆ ಟೇಪುಗಳಲ್ಲಿದ್ದ ಕೆಮ್ಮು, ಸೀನು, ಆಕಳಿಕೆಗಳನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುವ ಕೆಲಸ ಒಬ್ಬ ಹೆಂಗಸಿನದಾಗಿತ್ತು. ಎಲ್ಲರೂ ಆಕೆಯನ್ನು ಟೇಪಕ್ಕ ಎನ್ನುತ್ತಿದ್ದರು. ಟೇಪು ಹೋಯಿತು, ಹೆಸರು ಉಳಿಯಿತು. ಆಕೆಯ ಕೆಲಸವನ್ನು ಒಂದು ಯಂತ್ರ ವಹಿಸಿಕೊಂಡಿತು. ಈಗ ದನಿ ಒಂದು ಕಡೆಯಿಂದ ಒಳಗೆ ಹೋದರೆ ಸದ್ದುಗಳೆಲ್ಲ ಉದುರಿ, ಉದ್ದದ ಮೌನಗಳೆಲ್ಲ ಕುಗ್ಗಿ, ಅಧ್ಯಾಯ ಅಧ್ಯಾಯವಾಗಿ ಕೇಳುಗರ ಫೋನಿಗೆ ಹೋಗಿ ಕೂರುತ್ತಿತ್ತು.

"ನಡುವೆ ಯಾರೂ ಕೈ ಹಾಕೋ ಹಾಗಿಲ್ಲ. ಅದೇ ಇದರ ಸೊಗಸು," ಎಂದು ಅದನ್ನು ಕಟ್ಟಿದ ಪ್ರೋಗ್ರಾಮರು ಹೆಮ್ಮೆಪಟ್ಟಿದ್ದರು.

ಆಮೇಲೆ ಒಬ್ಬ ನಿವೃತ್ತ ನರ್ಸು ಹಕ್ಕಿಗಳ ಪುಸ್ತಕ ಓದಿದರು. ಬರಿ ಓದಲಿಲ್ಲ, ಒಂದೊಂದು ಹಕ್ಕಿಯ ಕೂಗನ್ನೂ ಒಂದು ವಾರ ಅಭ್ಯಾಸ ಮಾಡಿ ಕೂಗಿದರು. ಯಂತ್ರ ಅವನ್ನೆಲ್ಲ ಸದ್ದೆಂದು ತಿಳಿದು ಒಂದೂ ಬಿಡದೆ ತೆಗೆದು ಹಾಕಿತು. "ಗೂಬೆ ಹೀಗೆ ಕೂಗುತ್ತದೆ. ಮರಕುಟಿಗ ಹೀಗೆ ಕೂಗುತ್ತದೆ. ನಿಮ್ಮ ಪುಸ್ತಕದಲ್ಲಿ ಎರಡೂ ಒಂದೇ ಥರ ಸುಮ್ಮನಿವೆ," ಎಂದು ಕೇಳುಗರೊಬ್ಬರು ಪತ್ರ ಬರೆದರು. ನರ್ಸಮ್ಮ ಊಟ ಬಿಟ್ಟರು. ಸಮಿತಿ ಸೇರಿತು. ಯಂತ್ರ ಏನನ್ನೇ ಎಸೆಯಲಿ, ಎಸೆಯುವ ಮೊದಲು ಒಬ್ಬರು ಕೇಳಲಿ ಎಂದಾಯಿತು. ಆ ಒಬ್ಬರು ಯಾರು ಎಂದಾಗ ಎಲ್ಲರೂ ಕಿಟಕಿಯ ಬಳಿ ಹಳೆಯ ಪೆಟ್ಟಿಗೆಗಳ ಧೂಳು ಒರೆಸುತ್ತಿದ್ದ ಟೇಪಕ್ಕನ ಕಡೆ ತಿರುಗಿದರು. ಅಧ್ಯಕ್ಷೆಯೂ ತಿರುಗಿದರು, ಸರಿಯಾಗಿ ಅದೇ ದಿಕ್ಕಿಗೆ.

ಪ್ರೋಗ್ರಾಮರು ಮುಖ ಗಂಟಿಕ್ಕಿಕೊಂಡೇ ಹೊಸ ಪರದೆಯೊಂದನ್ನು ಮಾಡಿಕೊಟ್ಟರು. ಪ್ರತಿ ಅಧ್ಯಾಯದ ಪಕ್ಕದಲ್ಲಿ ಯಂತ್ರ ಕತ್ತರಿಸಿದ ತುಣುಕುಗಳ ರಾಶಿ, ಅದರ ಕೆಳಗೆ ಒಂದು ವಾಕ್ಯ: 'ಕತ್ತರಿಸಿದ ಭಾಗದಲ್ಲಿ ಸದ್ದಲ್ಲದೆ ಬೇರೇನೂ ಇಲ್ಲವೆಂದು ನಾನು ಕೇಳಿ ದೃಢಪಡಿಸುತ್ತೇನೆ.' ಅದರ ಕೆಳಗೆ ಎರಡು ಗುಂಡಿ. ಹಸಿರು ಒತ್ತಿದರೆ ಒಪ್ಪಿಗೆ, ಕೆಂಪು ಒತ್ತಿದರೆ ಮತ್ತೆ ಓದಿ ಕಳಿಸಲು ವಾಪಸ್. ಓದಿಕೊಡುವವರದಲ್ಲದೆ ಬೇರೆ ದನಿ ಕೇಳಿಸಿದರೆ ವಾಪಸ್ ಮಾಡಲೇಬೇಕು. ಒಬ್ಬರದು ಮೂರು ಸಲ ವಾಪಸಾದರೆ ಅವರ ಹೆಸರು ಪಟ್ಟಿಯಿಂದ ತಾನೇ ಅಳಿಸಿಹೋಗುತ್ತದೆ.

"ತಾನೇ ಅಂದ್ರೆ?" ಎಂದು ಟೇಪಕ್ಕ ಕೇಳಿದಳು.

"ತಾನೇ ಅಂದ್ರೆ ತಾನೇ. ನೀವೇನೂ ಮಾಡ್ಬೇಕಾಗಿಲ್ಲ."

"ಹಾಗಾದ್ರೆ ಮಾಡಿದ್ದು ಯಾರು ಅಂತಾಯ್ತು?"

ಪ್ರೋಗ್ರಾಮರು ಬೋಳುತಲೆ ಸವರಿಕೊಂಡು, ಇದು ತಾಂತ್ರಿಕ ಪ್ರಶ್ನೆಯಲ್ಲ ಎಂದರು.

ಎಸೆದದ್ದನ್ನು ಕೂತು ಕೇಳುವ ಕೆಲಸ ಯಾರಿಗೂ ಬೇಡವಾಗಿತ್ತು. ಟೇಪಕ್ಕನಿಗೆ ಮಾತ್ರ ಮೂರನೇ ದಿನಕ್ಕೆ ಅದರ ರುಚಿ ಹತ್ತಿತು. ಮನೆಯಲ್ಲಿ ಅವಳ ಗಂಡ ದಿನಕ್ಕೆ ಹತ್ತು ಹನ್ನೆರಡು ಮಾತಿನ ಮನುಷ್ಯ. ಅದರಲ್ಲಿ ನಾಲ್ಕು 'ಹೂಂ'. ಹಾಗಾಗಿ ಮಾತಿಲ್ಲದ ಕಡೆ ಏನಿದೆ ಎಂದು ಕಿವಿಗೊಡುವ ಅಭ್ಯಾಸ ಅವಳಿಗೆ ಇಪ್ಪತ್ತೆಂಟು ವರ್ಷದ್ದು. ಪತ್ತೇದಾರಿ ಕಥೆ ಓದುವ ಬ್ಯಾಂಕಿನ ಅಧಿಕಾರಿ ಪ್ರತಿ ಅಧ್ಯಾಯ ಮುಗಿದ ಮೇಲೆ "ಥೂ, ಇದನ್ನ ಬರೆದೋನಿಗೆ ಬೇರೆ ಕೆಲಸ ಇರ್ಲಿಲ್ವಾ" ಎಂದು ಉಸಿರು ಬಿಡುತ್ತಿದ್ದರು. ಕಾಲೇಜಿನ ಉಪನ್ಯಾಸಕರು ಕಷ್ಟದ ಪದವೊಂದನ್ನು ಒಂಬತ್ತು ಸಲ ಸರಿಯಾಗಿ ಹೇಳಿಕೊಂಡು, ಹತ್ತನೇ ಸಲ ಗಟ್ಟಿಯಾಗಿ ತಪ್ಪು ಓದುತ್ತಿದ್ದರು. ನರ್ಸಮ್ಮ ನೀರು ಕುಡಿಯುವ ಮೊದಲು ಬೆಕ್ಕಿನ ಅನುಮತಿ ಕೇಳುತ್ತಿದ್ದರು. ಹಸಿರು, ಹಸಿರು, ಹಸಿರು. ಪುಸ್ತಕಗಳಿಗಿಂತ ಅವುಗಳ ಕಸವೇ ಚೆನ್ನಾಗಿದೆ ಎಂದು ಅವಳಿಗೆ ಅನ್ನಿಸಿತಾದರೂ ಗ್ರಂಥಾಲಯದಲ್ಲಿ ಸಂಬಳ ತೆಗೆದುಕೊಳ್ಳುವವರು ಆಡುವ ಮಾತಲ್ಲವೆಂದು ಬಾಯಿ ಮುಚ್ಚಿಕೊಂಡಳು.

ಓದಿಕೊಡುವವರಲ್ಲೆಲ್ಲ ಹೆಸರಾದವರು ಪ್ಲಾಟ್‌ಫಾರಂ ಮಾವ. ಮೂವತ್ತೆಂಟು ವರ್ಷ ರೈಲು ನಿಲ್ದಾಣದಲ್ಲಿ ಘೋಷಣೆ ಮಾಡಿ ನಿವೃತ್ತರಾದವರು. ಊರಿಗೆ ಊರೇ ಅವರ ದನಿ ಕೇಳಿ ಸೂಟ್‌ಕೇಸು ಎತ್ತಿಕೊಂಡಿತ್ತು. ಹನ್ನೊಂದು ವರ್ಷದಿಂದ ಗ್ರಂಥಾಲಯಕ್ಕೆ ಓದುತ್ತಿದ್ದರು. ಪ್ರೇಮಪತ್ರವಿರಲಿ, ಸಾವಿರಲಿ, ಎಲ್ಲವನ್ನೂ ಒಂದೇ ಗಾಂಭೀರ್ಯದಿಂದ, ಎರಡನೇ ಪ್ಲಾಟ್‌ಫಾರಮ್ಮಿಗೆ ಬರುತ್ತಿರುವಂತೆ ಓದುತ್ತಿದ್ದರು. ಕೇಳುಗರಿಗೆ ಅದೇ ಇಷ್ಟ. "ಬೇರೆಯವರು ಓದಿದ್ರೆ ಅಳು ಬರುತ್ತೆ, ಇವರು ಓದಿದ್ರೆ ಧೈರ್ಯ ಬರುತ್ತೆ," ಎನ್ನುತ್ತಿದ್ದರು ಅಧ್ಯಕ್ಷೆ. ಮೊದಲೆಲ್ಲ ತಾವೇ ಮೆಟ್ಟಿಲು ಹತ್ತಿ ಬಂದು ಟೇಪು ಕೊಟ್ಟು, ಅರ್ಧ ಗಂಟೆ ಹರಟಿ ಹೋಗುತ್ತಿದ್ದ ಮಾವ ಒಂದು ವರ್ಷದಿಂದ ಬಂದಿರಲಿಲ್ಲ. ಮಂಡಿನೋವು ಎಂದು ಅವರ ಹೆಂಡತಿ ಫೋನಿನಲ್ಲಿ ಹೇಳಿದ್ದರು.

ಹೊಸ ವ್ಯವಸ್ಥೆ ಬಂದ ಮೊದಲ ವಾರವೇ ಮಾವನ ಒಂದು ಅಧ್ಯಾಯವನ್ನು ಫ್ಯಾನಿನ ಗಲಾಟೆಗಾಗಿ, ತುಣುಕುಗಳನ್ನು ತೆರೆಯುವ ಮೊದಲೇ, ಟೇಪಕ್ಕ ವಾಪಸ್ ಕಳಿಸಿದ್ದಳು. ಈಗ ಅವರು ಓದುತ್ತಿದ್ದದ್ದು ಮನೆ ಬಿಟ್ಟು ಹೋದ ಹೆಂಗಸೊಬ್ಬಳ ಮೇಲೆ ಮೊಕದ್ದಮೆ ನಡೆಯುವ ದೊಡ್ಡ ಕಾದಂಬರಿ. ಫ್ಯಾನಿಲ್ಲದೆ ಮತ್ತೆ ಬಂದ ಆ ಹದಿನೈದನೇ ಅಧ್ಯಾಯದಲ್ಲಿ ನ್ಯಾಯಾಧೀಶರು ತೀರ್ಪು ಓದುವ ಘಟ್ಟ. ಟೇಪಕ್ಕ ಕೆನ್ನೆಗೆ ಕೈ ಕೊಟ್ಟು ಕೇಳುತ್ತಿದ್ದಳು. ಮಾವನ ದನಿ ಮೊಳಗಿತು: "ಸಾಕ್ಷಿಗಳನ್ನೆಲ್ಲ ಕೂಲಂಕಷವಾಗಿ ಪರಿಶೀಲಿಸಿದ ತರುವಾಯ ಈ ನ್ಯಾಯಾಲಯವು ಹಾಲು ಉಕ್ಕಿತು ತಡೀರಿ."

ಟೇಪಕ್ಕ ಬಿದ್ದು ಬಿದ್ದು ನಕ್ಕಳು. ಕೆಳಗೆ ಕ್ಲಿನಿಕ್ಕಿನಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿಗೂ ಕೇಳಿಸಿರಬೇಕು. ಕೆಂಪು ಗುಂಡಿ ಒತ್ತಿ, ಕಾರಣದ ಜಾಗದಲ್ಲಿ 'ನ್ಯಾಯಾಧೀಶರು ಹಾಲಿನ ವಿಷಯ ಎತ್ತಿದ್ದಾರೆ' ಎಂದು ಬರೆದು ಕಳಿಸಿದಳು. ಮಾವನಿಗೆ ಅದು ಎರಡನೇ ವಾಪಸ್.

ನಗು ನಿಂತ ಮೇಲೆ ತಲೆಯೊಳಗೆ ಹುಳ ಹೊಕ್ಕಿತು. ಹಾಲು ಉಕ್ಕಿದ್ದನ್ನು ಕಂಡವರು ಯಾರಾದರೂ ಅಷ್ಟು ಗಂಭೀರವಾಗಿ, ನ್ಯಾಯಾಧೀಶರ ಗತ್ತಿನಲ್ಲೇ ಹೇಳುತ್ತಾರೆಯೇ? ಅದು ಕಂಡ ದನಿಯಲ್ಲ. ಓದಿದ ದನಿ. ಅವಳು ಆ ಅಧ್ಯಾಯದ ತುಣುಕುಗಳ ರಾಶಿಯನ್ನು ತೆರೆದಳು. ಓದು ಇದ್ದದ್ದು ಇಪ್ಪತ್ತೆರಡು ನಿಮಿಷ. ಯಂತ್ರ ಕತ್ತರಿಸಿದ್ದು ನಲವತ್ತೊಂದು ನಿಮಿಷ. ಅಷ್ಟುದ್ದ ಕೆಮ್ಮುವ ಮನುಷ್ಯ ಬದುಕಿರುವುದಿಲ್ಲ.

ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ದೂರದಲ್ಲೊಂದು ಹೆಣ್ಣುದನಿ ತಡವರಿಸಿಕೊಂಡು, ಅಕ್ಷರ ಅಕ್ಷರ ಕೂಡಿಸಿಕೊಂಡು ಪಿಸುಗುಡುತ್ತಿತ್ತು. 'ಸಾಕ್ಷಿ... ಗಳನ್ನೆಲ್ಲ... ಕೂಲಂ... ಕಷವಾಗಿ...' ಒಂದು ವಾಕ್ಯ ಪಿಸುಗುಟ್ಟಿದ ಮೇಲೆ ಮಾವ ಅದನ್ನೇ ಎತ್ತಿ ಮೊಳಗಿಸುತ್ತಿದ್ದರು. ಮತ್ತೆ ಪಿಸು, ಮತ್ತೆ ಮೊಳಗು. ಹಾಲಿನ ಮಾತನ್ನೂ ಮೊದಲು ಆಡಿದ್ದು ಆ ಹೆಣ್ಣುದನಿಯೇ. ಪುಟ ಮಗುಚುವ ಸದ್ದು ಬರುತ್ತಿದ್ದದ್ದೂ ಅವರ ಕಡೆಯಿಂದಲ್ಲ, ಅವಳ ಕಡೆಯಿಂದ. ಎರಡು ಸಲ ಗದರದೆ, ಬೇಸರಿಸದೆ, "ಇನ್ನೊಂದ್ಸಲ ಹೇಳು" ಎಂದು ಮಾವ ಕೇಳಿದ್ದು ಕೇಳಿಸಿತು.

ಮಾವನಿಗೆ ಕಣ್ಣು ಹೋಗಿದೆ ಎಂದು ಟೇಪಕ್ಕನಿಗೆ ತಿಳಿದದ್ದು ಹಾಗೆ.

ಎರಡು ದಿನದಲ್ಲಿ ಹದಿನೈದನೇ ಅಧ್ಯಾಯ ಹಾಲಿಲ್ಲದೆ ಮತ್ತೆ ಬಂತು. ಅಲ್ಲೂ ನಲವತ್ತು ನಿಮಿಷದ ಪಿಸುಮಾತು. ಒಂದು ಕಡೆ ಹೆಣ್ಣುದನಿ ನಿಂತೇ ಹೋಯಿತು. ಮೂಗೊರೆಸಿದ ಸದ್ದು. ಆಮೇಲೆ ಒಂದು ಗಂಡುದನಿ, ಸಣ್ಣದು, ಮೆತ್ತನೆಯದು: "ಅಳ್ಬೇಡ. ಸಾಕಾ ಇವತ್ತಿಗೆ? ನಾಳೆ ಓದೋಣ." "ಬೇಡ ಬೇಡ. ಮಕ್ಕಳನ್ನ ಅವಳ ಹತ್ರ ಬಿಡ್ತಾರೋ ಇಲ್ವೋ ಗೊತ್ತಾಗ್ದೆ ನನಗೆ ನಿದ್ದೆ ಬರಲ್ಲ." "ಸರಿ. ಕಣ್ಣೊರೆಸ್ಕೋ. ನಿನ್ನದಾದ್ರೂ ಸರಿಯಾಗಿರಲಿ." ಇಬ್ಬರೂ ನಕ್ಕರು. ಇದು ಮೂರನೆಯ ಯಾರೋ ಎಂದುಕೊಂಡಿದ್ದ ಟೇಪಕ್ಕನಿಗೆ ಸ್ವಲ್ಪ ಹೊತ್ತಿನ ಮೇಲೆ ಅದು ಮಾವನದೇ ದನಿ ಎಂದು ಹೊಳೆಯಿತು. ಹನ್ನೊಂದು ವರ್ಷದಲ್ಲಿ ಆ ದನಿಯನ್ನು ಅವಳು ಕೇಳಿಯೇ ಇರಲಿಲ್ಲ. ಮನೆಯೊಳಗಿನದು ಅದು. ಯಂತ್ರ ಅದನ್ನೂ ಸದ್ದಿಗೆ ಸೇರಿಸಿತ್ತು.

ಕೆಂಪು ಒತ್ತಿದರೆ ಮಾವನ ಹೆಸರು ತಾನೇ ಅಳಿಸಿಹೋಗುತ್ತದೆ. ಹಸಿರು ಒತ್ತಿದರೆ ಆಯಿತು, ಯಾರಿಗೂ ಏನೂ ತಿಳಿಯುವುದಿಲ್ಲ. ಅವಳ ಬೆರಳು ಹಸಿರಿನ ಮೇಲೆಯೇ ಇತ್ತು. ಅದರ ಮೇಲಿನ ವಾಕ್ಯವನ್ನು ಓದಿಬಿಟ್ಟಳು. ಬೆರಳು ಹಿಂದಕ್ಕೆ ಬಂತು.

ಒಪ್ಪಿಗೆಯಾಗದ ಅಧ್ಯಾಯ ಎರಡು ದಿನ ಕಳೆದರೆ ಹಳದಿಯಾಗಿ ಗ್ರಂಥಾಲಯದ ಮ್ಯಾನೇಜರರ ಪರದೆಯಲ್ಲಿ ಮಿನುಗುತ್ತಿತ್ತು. ನಾಲ್ಕನೇ ದಿನ ಅವರು ಎದ್ದು ಬಂದರು. ಒಳ್ಳೆಯ ಮನುಷ್ಯ, ಕಂಡರಾಗದ್ದು ಹಳದಿ ಬಣ್ಣ ಮಾತ್ರ.

"ಏನು ಟೇಪಕ್ಕ, ಹದಿನೈದನೇ ಅಧ್ಯಾಯಕ್ಕೆ ಕಾಮಾಲೆ ಹಿಡ್ಕೊಂಡಿದೆಯಲ್ಲ?"

ಅವಳು ಹೆಡ್‌ಫೋನನ್ನು ಅವರ ತಲೆಗೆ ಸಿಕ್ಕಿಸಿದಳು. ಐದು ನಿಮಿಷ ಕೇಳಿ ಮ್ಯಾನೇಜರರು ಅದನ್ನು ಮೆಲ್ಲಗೆ ಕಳಚಿಟ್ಟರು.

"ಹಸಿರು ಒತ್ತಿಬಿಡಿ. ಕೇಳುಗರಿಗೆ ಹೋಗೋದ್ರಲ್ಲಿ ಆಕೆ ದನಿ ಇಲ್ವಲ್ಲ. ನಾನೂ ಏನೂ ಕೇಳ್ಲಿಲ್ಲ, ನೀವೂ ಏನೂ ಹೇಳ್ಲಿಲ್ಲ."

"ಒತ್ತಬಹುದು ಸಾರ್. ಅದರ ಮೇಲೇನು ಬರ್ದಿದೆ, ನೀವೇ ಓದಿ."

"ಕತ್ತರಿಸಿದ ಭಾಗದಲ್ಲಿ ಸದ್ದಲ್ಲದೆ ಬೇರೇನೂ..." ಮ್ಯಾನೇಜರರು ಅಷ್ಟಕ್ಕೇ ನಿಲ್ಲಿಸಿದರು.

"ಆಯಮ್ಮ ಒಂದು ಪುಸ್ತಕ ಪೂರ್ತಿ ಓದ್ತಿದ್ದಾರೆ. ಅದನ್ನ ಸದ್ದು ಅಂತ ನನ್ನ ಕೈಯಾರೆ ಹೇಳ್ಲಾ? ಬ್ಲೇಡು ಹಿಡ್ಕೊಂಡಿದ್ದಾಗ ನಾನು ಕೆಮ್ಮು ಬಿಟ್ಟು ಬೇರೆ ಏನನ್ನೂ ಕತ್ತರಿಸಿದವಳಲ್ಲ."

"ಹಾಗಾದ್ರೆ ಕೆಂಪಾ?"

"ಅದನ್ನೂ ಒತ್ತಲ್ಲ."

"ಮೂರನೇ ಗುಂಡಿ ಇಲ್ವಲ್ರೀ!"

"ಅದಕ್ಕೇ ಹಳದಿಯಾಗಿರೋದು," ಎಂದಳು ಟೇಪಕ್ಕ.

ಮರುದಿನ ಬೆಳಿಗ್ಗೆ, ರೆಕಾರ್ಡರ್ ಪರೀಕ್ಷೆ ಮಾಡಬೇಕು ಎಂದು ಕಾಗೆ ಹಾರಿಸಿ ಅವಳು ಮಾವನ ಮನೆಗೆ ಹೋದಳು. ಬೀದಿಯ ಕೊನೆಯ ಮನೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಅರ್ಧ ಹೊಲಿದ ಶಾಲಾ ಸಮವಸ್ತ್ರ. ಅತ್ತೆ, ಅಂದರೆ ಮಾವನ ಹೆಂಡತಿ, ದರ್ಜಿ. ಕತ್ತಿನಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಾಗಿಲು ತೆರೆದರು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

"ಬಾಮ್ಮ ಟೇಪಕ್ಕ. ಹಸಿರು ಸೀರೆ ಚೆನ್ನಾಗಿ ಒಪ್ಪುತ್ತೆ ನಿನಗೆ," ಎಂದರು ದೊಡ್ಡ ದನಿಯಲ್ಲಿ.

ಟೇಪಕ್ಕ ಉಟ್ಟಿದ್ದದ್ದು ನೀಲಿ. ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ನೆಲ ನೋಡಿದರು. ಕಿಟಕಿಯಲ್ಲಿ ಇಣುಕಿ, ಬಾಗಿಲು ತೆರೆಯುವ ಮೊದಲು ಮಾವನ ಕಿವಿಯಲ್ಲಿ ಊದಿದ ಬಣ್ಣ ಗಡಿಬಿಡಿಯಲ್ಲಿ ತಪ್ಪಿತ್ತು.

"ಥ್ಯಾಂಕ್ಸ್ ಮಾವ," ಎಂದು ಟೇಪಕ್ಕ ಎದುರಿಗೆ ಕೂತಳು. ಸುತ್ತಿ ಬಳಸುವುದು ಅವಳಿಗೆ ಬರುತ್ತಿರಲಿಲ್ಲ. "ಯಂತ್ರ ಕತ್ತರಿಸಿದ್ದನ್ನ ಈಗ ನಾನು ಕೇಳ್ತೀನಿ. ಎಲ್ಲಾನೂ."

ಅತ್ತೆ ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ಎಲ್ಲಾ ಯಂತ್ರಾನೇ ಮಾಡುತ್ತೆ, ಯಾರೂ ಕೇಳಲ್ಲ ಅಂದಿದ್ರಲ್ಲ," ಎಂದರು ಮಾವ. ಮೊಳಗು ಇಳಿದಿತ್ತು. ಅದೇ ಸಣ್ಣ ದನಿ.

"ಹಕ್ಕಿ ಗಲಾಟೆ ಆದ ಮೇಲೆ ಬದಲಾಯ್ತು."

"ಹಾಳು ಹಕ್ಕಿಗಳು." ಮಾವ ಕುರ್ಚಿಯ ಕೈ ಸವರಿದರು. "ಒಂದು ವರ್ಷ ಆಯ್ತು. ಮೊದಲು ನಡುವಿನದು ಹೋಯ್ತು, ಆಮೇಲೆ ಅಂಚಿನದು. ನಿಮ್ಮ ಹತ್ರ ಹೇಳಿದ್ರೆ ಏನಾಗುತ್ತೆ ಗೊತ್ತು. ಓದಿಕೊಡೋರ ಪಟ್ಟಿಯಿಂದ ತೆಗೆದು ಕೇಳುಗರ ಪಟ್ಟಿಗೆ ಹಾಕ್ತೀರಿ. ಒಳ್ಳೇ ಮನಸ್ಸಿಂದಲೇ ಹಾಕ್ತೀರಿ, ಮನೆಗೆ ಬಂದು ಕೈ ಹಿಡ್ಕೊಂಡು ಹಾಕ್ತೀರಿ. ನನಗೆ ಕೇಳ್ತಾ ಕೂರೋಕಾಗಲ್ಲ ಅಮ್ಮ. ನನ್ನನ್ನ ಜನ ಕೇಳಿ ಅಭ್ಯಾಸ."

"ಇವರು ಓದದ ದಿನ ಬಾಯೇ ಬಿಡಲ್ಲ," ಎಂದರು ಅತ್ತೆ. "ಆಸ್ಪತ್ರೆಯಿಂದ ಬಂದ ಮೇಲೆ ಹದಿನೆಂಟು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ಆಮೇಲೆ ನಾನೇ ಪುಸ್ತಕ ತೆಗೆದೆ. ನಾನು ಓದಿದವಳಲ್ಲ. ಅಳತೆ ಬರ್ಕೊಳ್ಳೋಕೆ ಎಷ್ಟು ಬೇಕೋ ಅಷ್ಟೇ. ಮೊದಲನೇ ಪುಟಕ್ಕೆ ಎರಡು ದಿನ ಹಿಡೀತು."

"ಮೂರು," ಎಂದರು ಮಾವ. "ಆದ್ರೆ ಈಗ ನನಗಿಂತ ಮುಂದೆ ಓಡ್ತಾಳೆ. ನಾನು ಇಲ್ಲಿ ಮೊಕದ್ದಮೆ ಓದ್ತಿದ್ರೆ ಇವಳು ಕದ್ದು ಕೊನೆ ಪುಟ ನೋಡಿರ್ತಾಳೆ."

"ನೋಡಿಲ್ಲ!"

"ನೋಡಿದೀಯ. ನಿನ್ನೆಯಿಂದ ನ್ಯಾಯಾಧೀಶನ ಮೇಲೆ ಸಿಟ್ಟು ಕಮ್ಮಿ ಆಗಿದೆ ನಿನಗೆ."

ಅತ್ತೆಯ ಮುಖ ಕೆಂಪಾಯಿತು. ಮಾವನಿಗೆ ಅದು ಕಾಣಲಿಲ್ಲ, ಆದರೂ ನಕ್ಕರು. ಹಾಗೆಯೇ ಟೇಪಕ್ಕನ ಕಡೆ, ಅಥವಾ ಅವಳಿದ್ದಾಳೆಂದು ಅಂದಾಜು ಮಾಡಿದ ಕಡೆ, ಮುಖ ತಿರುಗಿಸಿದರು. "ನಿಲ್ದಾಣದಲ್ಲಿ ನನಗೆ ಕೊಟ್ಟಿದ್ದ ಕೋಣೆಗೆ ಕಿಟಕಿ ಇರ್ಲಿಲ್ಲ, ಗೊತ್ತಾ? ಮೂವತ್ತೆಂಟು ವರ್ಷದಲ್ಲಿ ಒಂದೇ ಒಂದು ರೈಲು ಬಂದಿದ್ದನ್ನ ನಾನು ನೋಡ್ಲಿಲ್ಲ. ಯಾರೋ ಬಾಗಿಲ ಸಂದಿಯಿಂದ ಚೀಟಿ ತೂರಿಸೋರು, ನಾನು ಹೇಳೋನು. ಈಗ ಚೀಟಿ ಇವಳ ಕೈಲಿದೆ. ಬೇರೆ ಏನು ವ್ಯತ್ಯಾಸ ಆಯ್ತು ಹೇಳು."

ಟೇಪಕ್ಕ ಹೇಳಬೇಕಾದ್ದನ್ನು ಹೇಳಿದಳು. ಇನ್ನೊಂದು ವಾಪಸಾದರೆ ಹೆಸರು ಹೋಗುತ್ತದೆ. ಒಪ್ಪಿಗೆ ಒತ್ತಬೇಕಾದರೆ ಅತ್ತೆಯ ಓದು ಬರಿ ಸದ್ದು ಎಂದು ತಾನು ಹೇಳಬೇಕು, ಅದು ತನ್ನ ಕೈಲಾಗದು. ಕತ್ತರಿಸುವ ಮೊದಲಿನ ಪೂರಾ ಅಧ್ಯಾಯವನ್ನು ಸಮಿತಿಗೆ ಕೇಳಿಸಲು ಇವರಿಬ್ಬರೂ ಒಪ್ಪಿದರೆ ಒಂದು ದಾರಿ ಇದ್ದರೂ ಇರಬಹುದು.

"ಬೇಡ," ಎಂದರು ಮಾವ ತಕ್ಷಣ. "ಏಳು ಜನ ಕೂತು ಅಯ್ಯೋ ಪಾಪ ಅನ್ನೋದಾ? ಅದಕ್ಕಿಂತ ಕೆಂಪೇ ಒತ್ತು."

"ಕೇಳಿಸಿ," ಎಂದರು ಅತ್ತೆ.

"ಏನೇ ನೀನು..."

"ನಾವೇನು ಕದ್ದಿದೀವಾ? ಇಷ್ಟು ವರ್ಷ ನಿಮ್ಮ ದನಿ ಊರೆಲ್ಲ ಕೇಳ್ತು. ನಾನು ಓದಿದ್ದು ಒಂದು ಸಲ ಏಳು ಜನ ಕೇಳ್ಲಿ ಬಿಡಿ."

ಮಾವ ಹೆಂಡತಿಯ ಕಡೆ ಕೈ ಚಾಚಿದರು. ಕೈಗೆ ಸಿಕ್ಕಿದ್ದು ಅಳತೆಪಟ್ಟಿಯ ತುದಿ. ಅದನ್ನೇ ಹಿಡಿದುಕೊಂಡು "ಸರಿ" ಎಂದರು.

ಮಂಗಳವಾರ ಸಮಿತಿ ಸೇರಿತು. ಟೇಪಕ್ಕ ಪೂರಾ ಅಧ್ಯಾಯ ಹಾಕಿದಳು. ಪಿಸು, ಮೊಳಗು, ಪಿಸು, ಮೊಳಗು. ಅತ್ತೆ ಅತ್ತದ್ದು, ಮಾವ ಸಮಾಧಾನ ಮಾಡಿದ್ದು, ಇಬ್ಬರೂ ನಕ್ಕದ್ದು. ಒಂದು ಗಂಟೆ ಮೂರು ನಿಮಿಷ. ತೂಕಡಿಸುವ ಸದಸ್ಯರು ಕೂಡ ಎಚ್ಚರವಿದ್ದರು. ಮುಗಿದ ಮೇಲೆ ಮೊದಲು ಮಾತಾಡಿದವರು ಪ್ರೋಗ್ರಾಮರು. ನಿಯಮದ ಪ್ರಕಾರ ಬೇರೆ ದನಿ ಇದೆ, ವಾಪಸ್ ಆಗಬೇಕು ಎಂದರು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

"ಕಣ್ಣು ಕಾಣದವರು ನಮ್ಮಲ್ಲಿ ಓದಿಕೊಡಬಾರದು ಅಂತ ಎಲ್ಲಾದರೂ ಬರೆದಿದೆಯೇನ್ರೀ?" ಎಂದು ಅಧ್ಯಕ್ಷೆ ಕೇಳಿದರು.

ಮ್ಯಾನೇಜರರು ಕಡತ ತಿರುವಿ ಗಂಟಲು ಸರಿಮಾಡಿಕೊಂಡರು. "ಪುಸ್ತಕ ನೋಡಿಕೊಂಡೇ ಓದತಕ್ಕದ್ದು ಅಂತಿದೆ ಮೇಡಂ. ಹದಿನಾಲ್ಕು ವರ್ಷದ ಹಿಂದೆ ತಾವೇ ಬರೆಸಿದ್ದು. ಒಬ್ಬರು ನೆನಪಿನಿಂದ ಓದಿ ನಾಯಕನನ್ನ ಎರಡು ಸಲ ಮದುವೆ ಮಾಡಿಸಿದ್ರಲ್ಲ, ಆವಾಗ."

"ಸರಿ ಮತ್ತೆ. ನೋಡಿಕೊಂಡೇ ಓದಿದಾರಲ್ಲ. ಆಯಮ್ಮ ನೋಡ್ತಿದ್ದಾರೆ."

"ಆದ್ರೆ ಓದಿದವರ ಹೆಸರಿನ ಜಾಗ ಒಂದೇ ಇರೋದು ಮೇಡಂ," ಎಂದರು ಪ್ರೋಗ್ರಾಮರು. "ಎರಡು ಹೆಸರು ಹಾಕಿದ್ರೆ ಮುಂದಿನದೆಲ್ಲ ಬದಲಾಯಿಸ್ಬೇಕು."

"ಎಷ್ಟು ದಿನ?"

"ಒಂಬತ್ತು. ಹತ್ತು ಅಂತಿಟ್ಕೊಳ್ಳಿ."

"ಹನ್ನೊಂದು ತಗೊಳ್ಳಿ. ಆ ಗುಂಡಿ ಮೇಲಿನ ವಾಕ್ಯಾನೂ ಬದಲಾಯಿಸಿ. ಸದ್ದು ಅಂತ ಬರೀಬೇಡಿ; ಕೇಳುಗರಿಗೆ ಕಳಿಸದ ಭಾಗ ಅಂತ ಬರೀರಿ. ಆ ಮೂರು ವಾಪಸಿನ ಲೆಕ್ಕ ಇದೆಯಲ್ಲ, ಇನ್ನು ಮೇಲೆ ತಾನೇ ಯಾರ ಹೆಸರೂ ಹೋಗ್ಕೂಡದು. ತೆಗೆಯೋರು ಇಲ್ಲಿ ಬಂದು, ನಾನೇ ತೆಗೀತಿದೀನಿ ಅಂತ ಬಾಯಿಬಿಟ್ಟು ಹೇಳ್ಲಿ." ಅಧ್ಯಕ್ಷೆ ತುಸು ತಡೆದು, ದನಿ ತಗ್ಗಿಸಿ ಕೇಳಿದರು: "ಅದಿರ್ಲಿ ಟೇಪಕ್ಕ, ಮಕ್ಕಳನ್ನ ಅವಳ ಹತ್ರ ಬಿಟ್ರಾ?"

"ಹದಿನಾರನೇ ಅಧ್ಯಾಯ ಇನ್ನೂ ಬಂದಿಲ್ಲ ಮೇಡಂ."

ಎಲ್ಲರೂ "ಎತ್ತಿದ್ದೀನಿ" ಎಂದರು. ಪ್ರೋಗ್ರಾಮರಿಗೆ ಮತವಿರಲಿಲ್ಲ. ಆದರೂ ಎತ್ತಿದರು.

ತನ್ನ ಪಿಸುಮಾತನ್ನು ಕೇಳುಗರಿಗೆ ಕಳಿಸಲು ಅತ್ತೆ ಒಪ್ಪಲಿಲ್ಲ. ಹೆಸರು ಸಾಕು, ದನಿ ಬೇಡ, ತಡವರಿಸಿದ್ದನ್ನು ಊರಿಗೆಲ್ಲ ಕೇಳಿಸಿಕೊಳ್ಳುವ ಹುಚ್ಚು ತನಗಿಲ್ಲ ಎಂದರು. ಹಾಗಾಗಿ ಅದನ್ನು ಯಂತ್ರ ಕತ್ತರಿಸುವುದು, ಕತ್ತರಿಸಿದ್ದನ್ನು ಟೇಪಕ್ಕ ಕೂತು ಕೇಳುವುದು ಮುಂದುವರಿಯಿತು. ಹದಿನಾರನೇ ಅಧ್ಯಾಯದ ರಾಶಿಯಲ್ಲಿ ಅತ್ತೆ ನ್ಯಾಯಾಧೀಶನಿಗೆ ಹಿಡಿಶಾಪ ಹಾಕಿದ್ದು, ಮಾವ ಅದನ್ನು ಪುಸ್ತಕದ ಮಾತೆಂದು ತಿಳಿದು ಅರ್ಧ ಮೊಳಗಿಸಿ ನಿಲ್ಲಿಸಿದ್ದು ಇತ್ತು. ಟೇಪಕ್ಕ ಅದನ್ನು ಎರಡು ಸಲ ಕೇಳಿದಳು. ಆಮೇಲೆ ಹಸಿರು ಒತ್ತಿದಳು.

ಕಾದಂಬರಿಯ ಇಪ್ಪತ್ತನಾಲ್ಕು ಅಧ್ಯಾಯಗಳೂ ಒಪ್ಪಿಗೆಯಾಗಿ ಎರಡು ತಿಂಗಳ ನಂತರ ಒಂದು ಶುಕ್ರವಾರ ಕೇಳುಗರಿಗೆ ಹೋದವು. ಓದಿದವರ ಜಾಗದಲ್ಲಿ ಇಬ್ಬರ ಹೆಸರಿತ್ತು.